ಹಟ್ಟಿ ಪರಿಷೆಗೆ ಎರಡು ದಿನ ಮೊದಲೇ ಬನ್ನಿ: ಊರಿಗೆ ಮರಳುವವರಿಗೂ, ಹೊಣೆ ಹೊತ್ತವರಿಗೂ ಒಂದು ಬಹಿರಂಗ ಪತ್ರ

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಪರಿಷೆಗೆಂದು ಬೆಂಗಳೂರು, ದಾವಣಗೆರೆ, ಬಳ್ಳಾರಿ, ಮಲೆನಾಡಿನ ಕಾಫಿ ತೋಟ ಎಂದು ಎಲ್ಲೆಲ್ಲಿಂದಲೋ ಊರಿಗೆ ಮರಳುವ ಬಂಧುಗಳೇ,
ಪರಿಷೆಯ ಹೊಣೆ ಹೊತ್ತ ತಾಲ್ಲೂಕು ಆಡಳಿತ, ಪಟ್ಟಣ ಪಂಚಾಯಿತಿ, ದೇವಸ್ಥಾನ, ವಿದ್ಯುತ್, ಸಾರಿಗೆ, ಆರೋಗ್ಯ ಇಲಾಖೆಗಳ ಅಧಿಕಾರಿಗಳೇ,

ಹೋಳಿ ಹುಣ್ಣಿಮೆಯ ಬೆನ್ನಿಗೇ, ಫಾಲ್ಗುಣದ ಚಿತ್ತಾ ನಕ್ಷತ್ರದಂದು ಗುರು ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು. ಅಷ್ಟು ಹೊತ್ತಿಗೆ ಶೇಂಗಾ ಹೊಲ ಬಿಟ್ಟು ಮನೆ ಸೇರಿರುತ್ತದೆ, ಹೊಲದಲ್ಲಿ ಕೆಲಸವಿರುವುದಿಲ್ಲ, ಮಧ್ಯಾಹ್ನದ ಬಿಸಿಲು 37-38 ಡಿಗ್ರಿಗೆ ಏರಿರುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಅಂಥ ತಾಲ್ಲೂಕಿನ ಒಂದು ಪುಟ್ಟ ಪಟ್ಟಣಕ್ಕೆ ಒಂದೇ ದಿನ ಲಕ್ಷಗಟ್ಟಲೆ ಜನ ಬಂದು ಇಳಿಯುತ್ತಾರೆ. ವರ್ಷವಿಡೀ ಈ ಊರಿನ ನಲ್ಲಿ, ಚರಂಡಿ, ರಸ್ತೆ, ಟ್ರಾನ್ಸ್‌ಫಾರ್ಮರ್ ಎಲ್ಲವೂ ಊರಲ್ಲಿ ಉಳಿದವರ ಲೆಕ್ಕಕ್ಕೆ ಸರಿಹೋಗುವಷ್ಟಿವೆ. ಆ ಒಂದು ದಿನ ಮಾತ್ರ ಬಂದವರ ಲೆಕ್ಕಕ್ಕೂ ಅವೇ ಸಾಕಾಗಬೇಕು.

ನಾವು ಕೇಳುವುದು ಒಂದೇ. ತೇರಿನ ದಿನ ಬೆಳಿಗ್ಗೆ ಬಂದು ಸಂಜೆ ಹೊರಡಬೇಡಿ. ಎರಡು ದಿನ ಮೊದಲು ಬನ್ನಿ, ಮಾರನೇ ದಿನ ಮಧ್ಯಾಹ್ನದವರೆಗೆ ಇರಿ. ಸ್ವಾಗತ ಕಮಾನಿಗೆ, ಫ್ಲೆಕ್ಸಿಗೆ, ಸೌಂಡ್ ಸಿಸ್ಟಮ್ಮಿಗೆ ನೀವು ಕಳಿಸುವ ದುಡ್ಡಿಗಿಂತ ನಿಮ್ಮ ಮೂರು ದಿನದ ದುಡಿಮೆ ಈ ಊರಿಗೆ ಹೆಚ್ಚು ಬೇಕಾಗಿದೆ. ತೇರಿನ ಮುಕ್ತಿ ಬಾವುಟದ ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗುವ ಜಾಗ ಇದು. ಪರಿಷೆಯಲ್ಲಿ ಬರವಿರುವುದು ದುಡ್ಡಿಗಲ್ಲ, ಆಳಿಗೆ. ಐದು ಕೆರೆ ಕಟ್ಟಿಸಿದವನೆಂದು ನಾವು ನೆನೆಯುವ ಗುರು, 'ಮಾಡಿದಷ್ಟು ನೀಡು ಭಿಕ್ಷೆ' ಎಂದವನು. ಆ ಮಾತಿನಲ್ಲಿ ಮೊದಲು ಬರುವುದು ಮಾಡುವುದು.

ನೀರಿನ ಲೆಕ್ಕದಿಂದ ಶುರು ಮಾಡೋಣ. ಈ ಬಿಸಿಲಿನಲ್ಲಿ ಆರು ಗಂಟೆ ಬಯಲಲ್ಲಿ ನಿಲ್ಲುವ ಒಬ್ಬರಿಗೆ ಕುಡಿಯಲಿಕ್ಕೇ 3 ಲೀಟರ್ ಬೇಕು. 10,000 ಜನಕ್ಕೆ 30,000 ಲೀಟರ್, ಅಂದರೆ 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಆರು. ಬರುವ ಪ್ರತಿ 10,000ಕ್ಕೂ ಹೀಗೇ ಕೂಡುತ್ತಾ ಹೋಗಿ. ಆದರೆ ನೀರು ತಂದು ನಿಲ್ಲಿಸಿದರಷ್ಟೇ ಸಾಲದು, ಎಡವುವುದು ನಲ್ಲಿಯ ಸಂಖ್ಯೆಯಲ್ಲಿ. ಒಬ್ಬರು ಬಂದು, ಬಾಟಲಿ ತೆರೆದು, ತುಂಬಿಸಿ, ಪಕ್ಕಕ್ಕೆ ಸರಿಯಲು ಏನಿಲ್ಲವೆಂದರೂ 15 ಸೆಕೆಂಡು. ಒಂದು ನಲ್ಲಿಗೆ ಗಂಟೆಗೆ 240 ಜನ. 10,000 ಜನ ಆರು ಗಂಟೆಯಲ್ಲಿ ತಲಾ ಎರಡು ಸಲ ನೀರು ಹಿಡಿಯಬೇಕಾದರೆ 14 ನಲ್ಲಿ ಬೇಕು. ಟ್ಯಾಂಕರಿನ ಹಿಂದೆ ಇರುವುದು ಒಂದೋ ಎರಡೋ. ಹಾಗಾಗಿ ಟ್ಯಾಂಕರಿನಲ್ಲಿ ಅರ್ಧ ನೀರು ಉಳಿದಿರುವಾಗಲೂ ಜನ ಬಾಯಾರಿ ತಿರುಗುತ್ತಾರೆ. ಒಂದೂವರೆ ಇಂಚಿನ ಪೈಪಿಗೆ ಒಂದೂವರೆ ಅಡಿಗೊಂದರಂತೆ ಎಂಟು ನಲ್ಲಿ ಕೂರಿಸಿ, ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು ಟ್ಯಾಂಕರಿಗೆ ಜೋಡಿಸಿದರೆ ಮುಗಿಯಿತು. ಒಬ್ಬ ಪ್ಲಂಬರಿಗೆ ಅರ್ಧ ದಿನದ ಕೆಲಸ. ನಗರಗಳಲ್ಲಿ ಪ್ಲಂಬಿಂಗ್ ಮಾಡುವ ನಮ್ಮ ಹುಡುಗರು ಎಷ್ಟೋ ಮಂದಿ ಇದ್ದೀರಿ. ಎರಡು ದಿನ ಮೊದಲು ಬನ್ನಿ ಎಂದದ್ದು ಇಂಥದ್ದಕ್ಕೇ. ನಲ್ಲಿಯ ಕೆಳಗೆ ಜಲ್ಲಿ ಹಾಸಿ, ಸೋರಿದ ನೀರು ಹರಿದುಹೋಗಲು ಒಂದು ಕಾಲುವೆ ಎಳೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರಡು ಗಂಟೆಯೊಳಗೆ ಅಲ್ಲಿ ಕೆಸರು, ಕೆಸರಿನಲ್ಲಿ ಜಾರಿ ಬೀಳುವವರು ಮುದುಕರು.

ತುಂಬಿಸುವ ನೀರಿಗೆ ಬ್ಲೀಚಿಂಗ್ ಪುಡಿ ಕಡ್ಡಾಯ. ಹೊಸ ಪುಡಿಯಾದರೆ 5,000 ಲೀಟರಿಗೆ 15 ಗ್ರಾಂ, ಸುಮಾರು ಒಂದು ದೊಡ್ಡ ಚಮಚ. ಅದನ್ನು ನೇರವಾಗಿ ಟ್ಯಾಂಕರಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಬಕೆಟ್ ತುಂಬಾ ನೀರು ಮಾಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ. ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಕುಡಿಯಲು ಕೊಡಿ. ಕಳೆದ ವರ್ಷ ಬಾಯಿ ಬಿಚ್ಚಿ ಇಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ಎಷ್ಟು ಹಾಕಿದರೂ ಬರೀ ಸುಣ್ಣ. ನಲ್ಲಿಯ ಬಾಯಲ್ಲಿ ಹಿಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಿಸುವ ಚಿಕ್ಕ ಕಿಟ್ ಆರೋಗ್ಯ ಸಿಬ್ಬಂದಿಯ ಬಳಿ ಇರುತ್ತದೆ. ಪ್ರತಿ ಟ್ಯಾಂಕರಿನ ಮೈಮೇಲೆ ಪುಡಿ ಹಾಕಿದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆದರೆ ಸಾಕು, ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. ಬರಿಗಣ್ಣಿಗೆ ತಿಳಿಯಾಗಿ ಕಾಣುವ ಬೋರ್‌ವೆಲ್ ನೀರು ಈ ಸೀಮೆಯಲ್ಲಿ ಫ್ಲೋರೈಡಿನದ್ದೂ ಆಗಿರಬಹುದು. ಅದು ಬ್ಲೀಚಿಂಗಿಗೂ ಕುದಿಸುವುದಕ್ಕೂ ಹೋಗುವುದಿಲ್ಲ. ಹಾಗಾಗಿ ಟ್ಯಾಂಕರ್ ಯಾವ ಬೋರಿನಿಂದ ತುಂಬಬೇಕೆಂಬುದು ಚಾಲಕನ ಅನುಕೂಲಕ್ಕೆ ಬಿಡುವ ವಿಷಯವಲ್ಲ. ಪರೀಕ್ಷೆಯಾದ ಬೋರುಗಳ ಪಟ್ಟಿ ಅವನ ಕೈಯಲ್ಲಿರಲಿ.

ಮಜ್ಜಿಗೆ ಹಂಚುವ ಭಕ್ತರಿಗೂ ಒಂದು ಮಾತು. ಮೊಸರು ಒಂದು ಪಾಲು, ನೀರು ನಾಲ್ಕು ಪಾಲು, ಉಪ್ಪು ನಾಲಗೆಗೆ ತುಸು ಮುಂದಾಗಿ. ಬೆವರಿದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಂಪಿಗೆಂದು ಗೋಣಿಯಲ್ಲಿ ಸುತ್ತಿ ತರುವ ಮಂಜುಗಡ್ಡೆ ಹಾಕಬೇಡಿ. ಅದು ಕುಡಿಯುವ ನೀರಿನದ್ದೆಂದು ಯಾರೂ ಹೇಳಲಾರರು. ಹಂಡೆಯನ್ನೇ ಹಿಂದಿನ ರಾತ್ರಿ ಒದ್ದೆ ಗೋಣಿ ಸುತ್ತಿ ನೆರಳಲ್ಲಿಡಿ.

ನೀರಿನ ಜೊತೆಗೇ ಬರುವ ಸಂಗತಿಯನ್ನು ಯಾವ ಕರಪತ್ರದಲ್ಲೂ ಬರೆಯುವುದಿಲ್ಲ. ಪರಿಷೆಯಲ್ಲಿ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ. ಬಿಸಿಲಿಗೆ ತಲೆ ಸುತ್ತಿ ಬೀಳುವುದಕ್ಕೂ, ಮನೆಗೆ ಹೋದ ಮೇಲೆ ಮೂತ್ರದ ಉರಿಯಲ್ಲಿ ನರಳುವುದಕ್ಕೂ ಮೂಲ ಅಲ್ಲೇ ಇದೆ. ಲೆಕ್ಕ ಕಷ್ಟದ್ದಲ್ಲ. ಸೀರೆಯುಟ್ಟವರು ಒಬ್ಬರು ಒಳಹೋಗಿ ಹೊರಬರಲು 4 ನಿಮಿಷ, ಒಂದು ಕೋಣೆಗೆ ಗಂಟೆಗೆ 15 ಜನ. ಗಂಟೆಗೆ 300 ಹೆಂಗಸರು ಬರುವ ಜಾಗದಲ್ಲಿ 20 ಕೋಣೆ ಬೇಕು. ತಲಾ 6 ಲೀಟರಿನಂತೆ ಗಂಟೆಗೆ 1,800 ಲೀಟರ್ ನೀರು ಬೇಕು. ನಾಲ್ಕು ಮೊಬೈಲ್ ಶೌಚಾಲಯ ತಂದು ನಿಲ್ಲಿಸಿ ನೀರು ತುಂಬಿಸದೆ ಬಿಟ್ಟರೆ ಅವು ಮಧ್ಯಾಹ್ನ ಹನ್ನೆರಡಕ್ಕೇ ಮುಟ್ಟಲಾಗದ ಸ್ಥಿತಿಗೆ ಬರುತ್ತವೆ. ನಂತರ ಜನ ಬೇಲಿಯ ಮರೆ ಹುಡುಕುತ್ತಾರೆ. ತಗಡಿನ ತಡಿಕೆ, ಕೂರುವ ತೊಟ್ಟಿ, ಆಳದ ಗುಂಡಿ, ಒಳಗೊಂದು ಚಿಲಕ, ಹೊರಗೊಂದು ಡ್ರಮ್ಮು, ಕತ್ತಲಾದ ಮೇಲೆ ಒಂದು ದೀಪ. ಇಷ್ಟಿದ್ದರೆ ಸಾಕು. ಗುಂಡಿ ಯಾವುದೇ ಬಾವಿ, ಬೋರಿನಿಂದ 15 ಮೀಟರಿಗಿಂತ ಹತ್ತಿರ ಬೇಡ, ಕೆರೆಯ ಕಡೆಗೆ ಇಳಿಜಾರಿರುವ ಜಾಗದಲ್ಲಂತೂ ಬೇಡವೇ ಬೇಡ. ಮನೆ ಹೆಸರಿನಲ್ಲಿ ಕಮಾನು ಕಟ್ಟಿಸುವವರು ಈ ಸಲ ಹತ್ತು ಕೋಣೆ ಕಟ್ಟಿಸಿ, ಮೇಲೆ ನಿಮ್ಮ ಹೆಸರನ್ನೇ ಬರೆಸಿ. ನಮಗೆ ಸಂತೋಷ.

ಇನ್ನು ತೇರು. ಇದರ ಬಗ್ಗೆ ದೀರ್ಘವಾಗಿಯೇ ಬರೆಯಬೇಕು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಎಳೆಯುತ್ತಿರುವಾಗಲೇ ಉರುಳಿಬಿತ್ತು. ಅಚ್ಚು ಮುರಿದದ್ದು ಕಾರಣವೆಂದು ಆಗ ವರದಿಯಾಯಿತು. ಕೊಟ್ಟೂರೇಶ್ವರನೂ ನಮ್ಮ ತಿಪ್ಪೇಶನೂ ಪಂಚಗಣಾಧೀಶ್ವರರೆಂಬ ಐವರು ಗುರುಗಳಲ್ಲಿ ಜೊತೆಯವರು, ಅಲ್ಲಿಗೂ ಇಲ್ಲಿಗೂ ಬರುವ ಭಕ್ತರೂ ಬಹುಪಾಲು ಒಂದೇ. ಅಲ್ಲಿ ಆದದ್ದು ನಮ್ಮದಲ್ಲ ಎಂದು ಕೂರುವಂತಿಲ್ಲ.

ಮರದ ತೇರು ವರ್ಷಕ್ಕೊಂದು ದಿನ ನಡೆಯುತ್ತದೆ, ಉಳಿದ ದಿನ ಅದೇ ಜಾಗದಲ್ಲಿ ಅದೇ ಭಾರ ಹೊತ್ತು ನಿಂತಿರುತ್ತದೆ. ಅಚ್ಚಿನ ಅದೇ ಮಗ್ಗುಲು ಒತ್ತಡ ತಿನ್ನುತ್ತದೆ, ಗಾಲಿಯ ಅದೇ ತುಂಡು ನೆಲದ ತೇವ ಕುಡಿಯುತ್ತದೆ. ಬಿರುಕು ಹುಟ್ಟುವುದು ಅಚ್ಚು ಗಾಲಿಯ ಕುಂಭದೊಳಗೆ, ಅಂದರೆ ಗಾಲಿಯ ನಡುವಿನ ಗುಂಬದೊಳಗೆ, ಹೋಗುವ ಕತ್ತಿನ ಬಳಿ, ಕಣ್ಣಿಗೆ ಕಾಣದ ಜಾಗದಲ್ಲಿ. ಆದ್ದರಿಂದ ಬಣ್ಣ ಬಳಿಯುವ ಮೊದಲು ನೋಡಬೇಕು. ಬಣ್ಣ ಬಿರುಕನ್ನು ಮುಚ್ಚುತ್ತದೆ. ಜಾಕಿ ಕೊಟ್ಟು ಒಂದೊಂದೇ ಗಾಲಿಯನ್ನು ನೆಲದಿಂದ ಎರಡು ಬೆರಳು ಎತ್ತಿ, ಕೈಯಿಂದ ಪೂರಾ ಒಂದು ಸುತ್ತು ತಿರುಗಿಸಿ. ಓಲಾಡಿದರೆ ಕುಂಭ ಸವೆದಿದೆ. ಕಿರುಗುಟ್ಟಿದರೆ ಕೀಲೆಣ್ಣೆ ಒಳಗೆ ಹೋಗಿಲ್ಲ. ಅಚ್ಚಿನ ಉದ್ದಕ್ಕೂ ಗೇಣಿಗೊಂದು ಕಡೆ ಮರದ ಕೊಡತಿಯಿಂದ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಗೆದ್ದಲು ತಿಂದದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಚೂಪು ದಬ್ಬಳ ಚುಚ್ಚಿ ನೋಡಿ, ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಒಳಗೆ ಹೋದರೆ ಆ ಮರ ಈ ವರ್ಷಕ್ಕಲ್ಲ.

ಗಾಲಿಗೆ ಹೊಡೆದ ಕಬ್ಬಿಣದ ಪಟ್ಟಿಯದು ಬೇರೆ ಕಥೆ. ನಾಲ್ಕೈದು ತಿಂಗಳು ಮಳೆಯಿಲ್ಲದೆ ಮರ ಒಣಗಿ ಕುಗ್ಗುತ್ತದೆ, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಎರಡೂ ಸೇರಿ ಪಟ್ಟಿ ಸಡಿಲಾಗುತ್ತದೆ. ನಮ್ಮ ಪರಿಷೆ ಬರುವುದು ಸರಿಯಾಗಿ ಆ ಹೊತ್ತಿಗೆ. ಒಂದು ವಾರ ಮೊದಲೇ ಗಾಲಿಗಳಿಗೆ ಒದ್ದೆ ಗೋಣಿ ಸುತ್ತಿ ದಿನಕ್ಕೆ ಮೂರು ಸಲ ನೀರು ಹಾಕುವುದು ಹಳೆಯ ಬಡಗಿಗಳ ಪದ್ಧತಿ. ಅದನ್ನು ಬಿಟ್ಟು ಬರೀ ಮೊಳೆ ಹೊಡೆದರೆ ಮರ ಸೀಳುತ್ತದೆ. ಇದೆಲ್ಲ ಗೊತ್ತಿರುವ ಬಡಗಿ, ಕಮ್ಮಾರರ ಮಾತನ್ನು ಲೋಕೋಪಯೋಗಿ ಎಂಜಿನಿಯರ್ ಕೊಡುವ ಪ್ರಮಾಣಪತ್ರದ ಜೊತೆಗೇ ಬರೆದುಕೊಳ್ಳಬೇಕೆಂಬುದು ಅಧಿಕಾರಿಗಳಲ್ಲಿ ನಮ್ಮ ವಿನಂತಿ. ತಪಾಸಣೆ 15 ದಿನ ಮೊದಲು ಆಗಬೇಕು. ತೇರಿನ ಹಿಂದಿನ ದಿನ ದೋಷ ಸಿಕ್ಕರೆ ಅದನ್ನು ಸರಿಪಡಿಸಲು ಸಮಯವೂ ಇರುವುದಿಲ್ಲ, ತೇರು ನಿಲ್ಲಿಸಲು ಯಾರಿಗೂ ಬಾಯೂ ಬರುವುದಿಲ್ಲ.

ತೇರಿಗಿಂತ ಹೆಚ್ಚು ಮೋಸ ಮಾಡುವುದು ಬೀದಿ. ಎರಡು ಗಾಲಿಗಳ ನಡುವೆ 3 ಮೀಟರ್, ತೇರಿನ ಎತ್ತರ 12 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಗಾಲಿ 10 ಸೆಂಟಿಮೀಟರ್ ಕುಸಿದರೆ ಕಳಸ 40 ಸೆಂಟಿಮೀಟರ್ ವಾಲುತ್ತದೆ. ಮೇಲೆ ಬಟ್ಟೆ, ಬಾವುಟ, ಹಾರಗಳ ಭಾರ ಇದ್ದು ಸಂಜೆಗಾಳಿ ಸೇರಿದರೆ ಅದು ಇನ್ನೂ ಹೆಚ್ಚು. ಕುಸಿಯುವುದು ಎಲ್ಲಿ ಎಂದರೆ, ಪೈಪು ಹಾಕಲು ಅಗೆದು ಮುಚ್ಚಿದ ಕಡೆ, ಚರಂಡಿಯ ಚಪ್ಪಡಿಯ ಮೇಲೆ, ಹೊಸದಾಗಿ ಹಾಕಿ ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ. ಅಗೆದ ಕಾಲುವೆಯನ್ನು ಅರ್ಧ ಅಡಿ ಮಣ್ಣು, ನೀರು, ದಿಮ್ಮಸು, ಮತ್ತೆ ಅರ್ಧ ಅಡಿ ಎಂದು ಪದರು ಪದರಾಗಿ ಮುಚ್ಚಬೇಕು. ಒಂದೇ ಸಲಕ್ಕೆ ಮಣ್ಣು ತಳ್ಳಿ ಮೇಲೆ ಡಾಂಬರ್ ಬಳಿದರೆ ಜೀಪು ಹೋಗುತ್ತದೆ, ತೇರು ಹೋಗುವುದಿಲ್ಲ. ಪರಿಷೆಗೆ ಒಂದು ತಿಂಗಳಿರುವಾಗ ತೇರುಬೀದಿಯಲ್ಲಿ ಯಾವ ಇಲಾಖೆಯೂ ಅಗೆಯಬಾರದೆಂದು ಆದೇಶ ಹೊರಡಲಿ. ಚಪ್ಪಡಿಗಳ ಮೇಲೆ ಮರಳು ತುಂಬಿದ ಟ್ರ್ಯಾಕ್ಟರನ್ನು ಗಾಲಿ ಹೋಗುವ ಗೆರೆಯಲ್ಲೇ ಎರಡು ಸಲ ಓಡಿಸಿ ನೋಡಿದರೆ ದುರ್ಬಲವಾದದ್ದು ಅವತ್ತೇ ಗೊತ್ತಾಗುತ್ತದೆ. ಮೇಲಿನ ವಿದ್ಯುತ್ ತಂತಿಯನ್ನು ಆಫ್ ಮಾಡುವುದು ಎಲ್ಲರಿಗೂ ನೆನಪಿರುತ್ತದೆ. ಕೇಬಲ್ ಟಿವಿ, ಇಂಟರ್ನೆಟ್ ತಂತಿಗಳು, ಅಂಗಡಿಯವರು ಎಳೆದುಕೊಂಡ ಬಲ್ಬಿನ ಸರ, ಅಡ್ಡ ನಿಂತ ಸ್ವಾಗತ ಕಮಾನು ನೆನಪಿರುವುದಿಲ್ಲ. ಕಳಸದೆತ್ತರಕ್ಕಿಂತ ಎರಡು ಅಡಿ ಉದ್ದದ ಒಣ ಬಿದಿರು ಹಿಡಿದು, ಕರೆಂಟ್ ತೆಗೆದ ಮೇಲೆ, ಬೀದಿಯುದ್ದಕ್ಕೂ ನಡೆದುಬಿಡಿ. ತಾಗಿದ್ದನ್ನೆಲ್ಲ ಬಿಚ್ಚಿಸಿ.

ಹಗ್ಗ ಹಿಡಿಯುವ ಹುಡುಗರೇ, ಹಗ್ಗದ ಮುಂಭಾಗ ನಿಮ್ಮದು, ಗಾಲಿಯ ಹತ್ತಿರದ ಹತ್ತು ಅಡಿ ಯಾರದ್ದೂ ಅಲ್ಲ. ಅಲ್ಲಿ ಸನ್ನೆಗೋಲು ಕೊಡುವವರು, ಗಾಲಿಗೆ ತಡೆಗಟ್ಟೆ ಇಡುವವರು ಮಾತ್ರ ಇರಬೇಕು. ಅವರು ಬಗ್ಗಿ ಕೆಲಸ ಮಾಡುವವರು. ಹಿಂದಿನಿಂದ ಒಬ್ಬ ಮೊಬೈಲ್ ಎತ್ತಿಕೊಂಡು ಒತ್ತಿದರೆ ಅವರಿಗೆ ಸರಿಯಲು ಜಾಗವಿರುವುದಿಲ್ಲ. ನೈಲಾನ್ ಹಗ್ಗ ಎಳೆದಷ್ಟೂ ರಬ್ಬರಿನಂತೆ ಹಿಗ್ಗಿ, ತುಂಡಾದರೆ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ದಪ್ಪ ನಾರಿನ ಮಿಣಿಯೇ ಲೇಸು. ಬಾಳೆಹಣ್ಣು ಎಸೆಯುವುದು ಹರಕೆ, ಬೇಡವೆನ್ನಲು ನಾವು ಯಾರು. ಆದರೆ ತೇರಿನ ಮುಂದೆ ನಿಂತು ಎಸೆದ ಹಣ್ಣು ಬೀಳುವುದು ಎಳೆಯುವವರ ಕಾಲಡಿಗೆ. ಹಗ್ಗ ಹಿಡಿದವನು ಜಾರಿದರೆ ಅವನ ಹಿಂದೆ ಬರುತ್ತಿರುವುದು ಗಾಲಿ. ಪಕ್ಕದಿಂದ ಎಸೆಯಿರಿ. ಮರಳಿನ ಬುಟ್ಟಿ ಹಿಡಿದ ಆರು ಜನ ತೇರಿನ ಮುಂದೆ ಮುಂದೆ ಹಣ್ಣಿನ ಮೇಲೆ ಮರಳು ಎರಚುತ್ತಾ ಹೋಗಲಿ. ಈ ಆರು ಜನ ಊರಿಗೆ ಬಂದವರಲ್ಲೇ ಆಗಬೇಕು, ಊರಲ್ಲಿರುವವರಿಗೆಲ್ಲ ಆ ಹೊತ್ತಿಗೆ ಬೇರೆ ಕೆಲಸ ಇರುತ್ತದೆ.

ಹರಕೆಯ ಕೊಬ್ಬರಿ ಸುಡುವ ಜಾಗಕ್ಕೂ ಇದೇ ಎಚ್ಚರ ಬೇಕು. ಒಣಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಒಂದು ಬಟ್ಟಲು ಹಾಕಿದರೆ ಹರಕೆ, ನೂರು ಜನ ಒಟ್ಟಿಗೆ ಹಾಕಿದರೆ ಅದು ಎಣ್ಣೆಯ ಬೆಂಕಿ. ಅದಕ್ಕೆ ನೀರು ಚೆಲ್ಲಿದರೆ ಉರಿಯುವ ಎಣ್ಣೆ ಸಿಡಿದು ಸುತ್ತ ನಿಂತವರ ಮೈಮೇಲೆ ಬೀಳುತ್ತದೆ. ಆರಿಸಲು ಮರಳು, ಒದ್ದೆ ಗೋಣಿ. ಗುಂಡಿಯ ಸುತ್ತ 15 ಅಡಿ ದೂರಕ್ಕೆ ಕಟಕಟೆ ಹಾಕಿ, ಬರಲು ಒಂದು ದಾರಿ, ಹೋಗಲು ಇನ್ನೊಂದು ಮಾಡಿ. ಗಾಳಿ ಬೀಸುವ ದಿಕ್ಕಿನಲ್ಲಿ ಸಾಲು ನಿಲ್ಲಿಸಬೇಡಿ. ನೈಲಾನ್, ಪಾಲಿಯೆಸ್ಟರ್ ಸೀರೆ, ಪಂಚೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅವತ್ತು ಹತ್ತಿ ಬಟ್ಟೆ ಉಟ್ಟು ಬನ್ನಿ. ಕೊಬ್ಬರಿ ತಂದ ಪ್ಲಾಸ್ಟಿಕ್ ಚೀಲವನ್ನೂ ಬೆಂಕಿಗೆ ಎಸೆದು ಆ ಹೊಗೆಯನ್ನು ಕುಡಿಯುವುದು ಬೇಡ. ಸುಟ್ಟ ಜಾಗಕ್ಕೆ ತಣ್ಣೀರು ಇಪ್ಪತ್ತು ನಿಮಿಷ ಬಿಡಿ. ಟೂತ್‌ಪೇಸ್ಟ್, ಅರಿಸಿನ, ಶಾಯಿ ಏನೂ ಹಚ್ಚಬೇಡಿ.

ಬಿಸಿಲಿಗೆ ಬಿದ್ದವರನ್ನು ನೋಡಿದಾಗ ಮೊದಲು ಹಣೆ, ಆಮೇಲೆ ಮಾತು. ಬೆವರುತ್ತಾ, ಸುಸ್ತಾಗಿ, ಸರಿಯಾಗಿ ಮಾತಾಡುತ್ತಿದ್ದರೆ ನೆರಳು, ನೀರು ಸಾಕು: ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚಗಳು ಮಟ್ಟಸವಾಗಿರಲಿ. ಮೈ ಕೆಂಡವಾಗಿದ್ದು ಮಾತು ತೊದಲಿದರೆ, ತಬ್ಬಿಬ್ಬಾದರೆ ಬಾಯಿಗೆ ಏನೂ ಹಾಕಬೇಡಿ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಆ ಆಂಬುಲೆನ್ಸ್ ಬರುವ ದಾರಿಯಲ್ಲಿ ನಿಮ್ಮ ಕಾರು ನಿಂತಿರಬಾರದು. ಕಾರನ್ನು ಹೊಲದಲ್ಲಿ ನಿಲ್ಲಿಸುವವರು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕಾದ ಸೈಲೆನ್ಸರಿಗೆ ಹುಲ್ಲು ಹೊತ್ತಿಕೊಳ್ಳುತ್ತದೆ.

ಮಕ್ಕಳ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ತೇರಿನ ಹೊತ್ತಿಗೆ ಫೋನ್ ಕರೆ ಸಿಗುವುದಿಲ್ಲ, ಎಸ್ಸೆಮ್ಮೆಸ್ ಹೇಗೋ ನುಸುಳುತ್ತದೆ. 'ದೇವಸ್ಥಾನದ ಮುಂದೆ ಸಿಗೋಣ' ಎನ್ನಬೇಡಿ, ಅಲ್ಲಿ ಎಲ್ಲರೂ ಇರುತ್ತಾರೆ.

ಇನ್ನು ವಾಪಸು ಹೋಗುವ ಮಾತು. ಒಂದು ಬಸ್ಸಿಗೆ ನಿಂತವರೂ ಸೇರಿ 75 ಜನ ಎನ್ನಿ. 10,000 ಜನಕ್ಕೆ 134 ಬಸ್ಸು ಬೇಕು. ಎರಡು ನಿಮಿಷಕ್ಕೊಂದು ಬಸ್ಸು ಹೊರಟರೂ, ಯಾವ ಅಡ್ಡಿಯೂ ಇಲ್ಲದಿದ್ದರೂ, ಕೊನೆಯ ಬಸ್ಸು ಬಿಡುವಾಗ ನಾಲ್ಕೂವರೆ ಗಂಟೆ ಕಳೆದಿರುತ್ತದೆ. ತೇರು ನಿಂತ ಕೂಡಲೇ ಎಲ್ಲರೂ ಚಳ್ಳಕೆರೆ ರಸ್ತೆಗೆ ನುಗ್ಗಿದರೆ ಎರಡು ನಿಮಿಷಕ್ಕೊಂದು ಬಸ್ಸೂ ಹೊರಡುವುದಿಲ್ಲ, ಏಕೆಂದರೆ ಒಳಗೆ ಬರಬೇಕಾದ ಖಾಲಿ ಬಸ್ಸು ಅದೇ ರಸ್ತೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಸಾರಿಗೆಯವರು ಬರುವ ಬಸ್ಸಿಗೊಂದು ದಾರಿ, ಹೋಗುವ ಬಸ್ಸಿಗೊಂದು ದಾರಿ ಮಾಡಿದರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದರ್ಧ ನಿಮ್ಮ ಕೈಯಲ್ಲಿದೆ. ಊರಲ್ಲಿ ಮನೆಯಿರುವವರು, ನೆಂಟರಿರುವವರು ಆ ರಾತ್ರಿ ಉಳಿದುಬಿಡಿ. ನೀವು ಬಿಟ್ಟುಕೊಟ್ಟ ಸೀಟು ಕೂಸನ್ನೆತ್ತಿಕೊಂಡು ನಿಂತ ಪರಸ್ಥಳದ ಹೆಂಗಸಿಗೆ ಸಿಗುತ್ತದೆ.

ಉಳಿದವರಿಗೆ ಬೆಳಿಗ್ಗೆ ಕೆಲಸವಿದೆ. ರಸ್ತೆಬದಿಯಲ್ಲಿ ವಾಹನ ನಿಲ್ಲಿಸಿ ಚಿತ್ರಾನ್ನ, ಪಲಾವ್ ಹಂಚಿದ ತಟ್ಟೆ, ಲೋಟ, ನೀರಿನ ಪ್ಯಾಕೆಟ್ ಎಲ್ಲ ಆ ರಾತ್ರಿ ಬೀದಿಯಲ್ಲೇ ಇರುತ್ತವೆ. (ಹಂಚುವವರು ಮುತ್ತುಗದೆಲೆ ಬಳಸಿ. ಅನ್ನವನ್ನು ಬಿಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ಕಟ್ಟಿ ಮೂರ್ನಾಲ್ಕು ತಾಸು ಡಿಕ್ಕಿಯಲ್ಲಿ ಇಡಬೇಡಿ, ಆ ಬೆಚ್ಚನೆಯಲ್ಲಿ ಅನ್ನ ವಿಷವಾಗುತ್ತದೆ. ಎರಡು ಗಂಟೆಯೊಳಗೆ ಬಡಿಸಲಾಗುವಷ್ಟೇ ಮಾಡಿ.) ಹೊತ್ತು ಏರಿ ಬಯಲುಗಾಳಿ ಎದ್ದರೆ ತೆಳು ಪ್ಲಾಸ್ಟಿಕ್ ಎಲ್ಲವೂ ಹಾರಿ ಕೆರೆಗೆ ನೀರು ತರುವ ಹಳ್ಳದಲ್ಲಿ ಕೂರುತ್ತದೆ. ಮೊದಲ ಮಳೆಗೆ ಅದು ತೂಬಿನ ಬಾಯಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಗುರು ಕಟ್ಟಿಸಿದ ಕೆರೆಗೆ ಗುರುವಿನ ಪರಿಷೆಯ ಕಸ ಸೇರುವುದನ್ನು ನೋಡಲಾಗುವುದಿಲ್ಲ. ಪಟ್ಟಣ ಪಂಚಾಯಿತಿಯ ಪೌರಕಾರ್ಮಿಕರು ಬೆರಳೆಣಿಕೆಯಷ್ಟು ಜನ, ಹಿಂದಿನ ದಿನವೆಲ್ಲ ನಿದ್ದೆಗೆಟ್ಟವರು. ಅವರು ಮುಖ್ಯಬೀದಿ ಮುಗಿಸುವಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ.

ಹಾಗಾಗಿ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೊರಮಠದ ಮುಂದೆ ಬನ್ನಿ. ಕೆರೆಯ ಕಡೆಯಿಂದ ಊರಿನ ಕಡೆಗೆ ಆರಿಸುತ್ತಾ ಬರೋಣ, ಗಾಳಿ ಹೊಡೆಯುವುದು ಮೊದಲು ಆ ಕೊನೆಗೆ. ಒಂಬತ್ತರೊಳಗೆ ಮುಗಿಯುತ್ತದೆ. ಬುಟ್ಟಿ, ಗೋಣಿಚೀಲ, ಗುದ್ದಲಿ ಇಲ್ಲಿ ಸಿಗುತ್ತವೆ. ಕೈಗವಸು ಮಾತ್ರ ಬರುವಾಗ ನೀವೇ ತನ್ನಿ.

ಇಂತಿ,
ಪರಿಷೆಯ ಕೆಲಸಕ್ಕೆ ನಿಲ್ಲುವ ಊರವರು